ಚುಕ್ಕಾಣಿ ಬಿಟ್ಟ ಮೇಲೆ

ಜನವರಿ 9

ಅತ್ತಿಗೆಯವರಿಗೆ ನಮಸ್ಕಾರ.

ನೀವು ಈ ಮನೆ ಬಿಟ್ಟು ಹೋಗಿ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಬಂದದ್ದು ಎರಡು ಕಾರ್ಡು. ಎರಡರಲ್ಲೂ ‘ನಾನು ಕ್ಷೇಮ, ಅಮ್ಮನನ್ನು ನೋಡಿಕೋ’ ಅಷ್ಟೇ. ಕಾರ್ಡು ಚಿಕ್ಕದಾಯಿತೋ, ಹೇಳುವುದಕ್ಕೇ ಏನೂ ಇರಲಿಲ್ಲವೋ ನಾನು ಕಾಣೆ. ಅಮ್ಮ ಮಾತ್ರ ಕಾರ್ಡನ್ನು ಹಿಂದುಮುಂದು ತಿರುಗಿಸಿ, “ಇಷ್ಟೇನಾ?” ಅಂತ ಕೇಳುತ್ತಾಳೆ.

ಈಗ ಬರೆಯುತ್ತಿರುವುದು ಒಂದು ಒಳ್ಳೆಯ ಸುದ್ದಿ ತಿಳಿಸುವುದಕ್ಕೆ. ಮುಳುಗಿದ ಲಾಂಚಿನ ಬದಲಿಗೆ ಹೊಸ ಲಾಂಚು ಬಂದಿದೆ. ಅದಕ್ಕೆ ಅಣ್ಣನ ಹೆಸರಿಡುತ್ತಾರಂತೆ. ಮಾರ್ಚ್ ಇಪ್ಪತ್ತಕ್ಕೆ ಸಮಾರಂಭ. ಆ ಆದೇಶವನ್ನು ಟೈಪ್ ಮಾಡಿದ್ದು ನಾನೇ. ಹನ್ನೊಂದು ವರ್ಷದಲ್ಲಿ ಈ ಜಲಸಾರಿಗೆ ಕಚೇರಿಯಲ್ಲಿ ಅದೆಷ್ಟು ಆದೇಶ ಟೈಪ್ ಮಾಡಿದ್ದೇನೋ, ತಪ್ಪು ಅಕ್ಷರ ಒತ್ತಿದ್ದು ಇದೇ ಮೊದಲು. ‘ಕಳೆದ ಆಗಸ್ಟ್ ಹದಿನಾಲ್ಕರಂದು ಪ್ರವಾಹದಲ್ಲಿ ಲಾಂಚು ಮಗುಚಿದಾಗ, ತಮ್ಮ ಪ್ರಾಣದ ಹಂಗು ತೊರೆದು ಮೂವರು ಪ್ರಯಾಣಿಕರನ್ನು ಉಳಿಸಿ ಅಸುನೀಗಿದ ಚಾಲಕರ ನೆನಪಿಗಾಗಿ’ ಎಂದು ಅದರಲ್ಲಿದೆ. ಮೂರು ಸಲ ಹಾಳೆ ಬದಲಿಸಬೇಕಾಯಿತು.

ಹೆಸರಿನ ಮೇಲಿನ ಪರದೆ ಸರಿಸುವುದು ಹೆಂಡತಿಯೇ ಆಗಬೇಕು ಅನ್ನುತ್ತಿದ್ದಾರೆ ದೊಡ್ಡ ಸಾಹೇಬರು. ನಾನೂ ಹೂಂ ಅಂದಿದ್ದೇನೆ. ಬರುತ್ತೀರಿ ತಾನೆ? ಇಲ್ಲಿಯವರು ನಾಲಿಗೆ ಹರಿಬಿಡುತ್ತಿದ್ದಾರೆ. “ಗಂಡ ಹೋಗಿ ತಿಂಗಳು ತುಂಬಿಲ್ಲ, ಗಂಟುಮೂಟೆ ಕಟ್ಟಿದಳಲ್ಲ” ಅಂತ ಪಕ್ಕದ ಮನೆಯವರು ನನ್ನೆದುರೇ ಅಂದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿಮ್ಮ ನಾದಿನಿ


ಜನವರಿ 27

ಪ್ರೀತಿಯ ಸಾಸಿವೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಚಟಪಟ ಸಿಡಿಯುವ ಹುಡುಗಿಗೆ ನಿನ್ನಣ್ಣ ಇಟ್ಟ ಹೆಸರು ಎಷ್ಟು ಸರಿ ಅಂದುಕೊಂಡೆ. ಸಿಡಿದದ್ದಕ್ಕೆ ನನಗೆ ಬೇಸರವಿಲ್ಲ.

ನನಗೀಗ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ಕೆಳಗಿನ ಮಹಡಿ, ಕಿಟಕಿ ಇಲ್ಲ. ಒಂದು ಗೋಡೆಯುದ್ದಕ್ಕೂ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ನನ್ನ ಹೊಲಿಗೆ ಯಂತ್ರ. ಹರಿದ ಹೊದಿಕೆಗಳು, ಗುಂಡಿ ಕಿತ್ತ ಅಂಗಿಗಳು ಮೂಟೆ ಮೂಟೆ ಬರುತ್ತವೆ. ಹೊಲಿಯಲು ಆಗುವುದನ್ನು ಹೊಲಿಯುತ್ತೇನೆ, ಆಗದ್ದನ್ನು ಒರೆಸುವ ಬಟ್ಟೆಗೆ ಕತ್ತರಿಸುತ್ತೇನೆ. ಯಂತ್ರಗಳ ಸದ್ದಿಗೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ನನಗೆ ಅದೇ ಹಿತ.

ಮಾರ್ಚಿನಲ್ಲಿ ರಜೆ ಸಿಗುವುದು ಕಷ್ಟ. ನನ್ನ ಜೊತೆ ಕೆಲಸ ಮಾಡುವಾಕೆ ಹೆರಿಗೆಗೆ ಹೋಗುತ್ತಿದ್ದಾಳೆ. ಪರದೆಯನ್ನು ಅಮ್ಮ ಸರಿಸಲಿ. ಅಥವಾ ನೀನೇ ಸರಿಸು. ಅಮ್ಮನ ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಅತ್ತಿಗೆ


ಫೆಬ್ರವರಿ 5

ಅತ್ತಿಗೆಯವರಿಗೆ,

ರಜೆ ಸಿಗುವುದಿಲ್ಲವಂತೆ! ಎರಡು ಪುಟದ ಕಾಗದದಲ್ಲಿ ಒಗೆಯುವ ಯಂತ್ರದ ವಿಷಯ ಬಂತು, ಗುಂಡಿಯ ವಿಷಯ ಬಂತು, ಹೆರಿಗೆಯ ವಿಷಯ ಬಂತು. ನನ್ನಣ್ಣನ ವಿಷಯ ಎಷ್ಟು ಬಂತು ಅಂತ ನೀವೇ ಓದಿ ನೋಡಿ. ನನಗೆ ಹೆಸರಿಟ್ಟದ್ದಕ್ಕೆ ಮಾತ್ರ ಅವನು ನೆನಪಾದನೇ?

ನಾನಾಗಿದ್ದರೆ ಕೆಲಸ ಹೋದರೂ ಬರುತ್ತಿದ್ದೆ. ಬೇರೆಯವರು ಅವನನ್ನು ನಿಮಗಿಂತ ಹೆಚ್ಚು ನೆನೆಯುತ್ತಾರೆ. ಅವನು ದಡ ಸೇರಿಸಿದ ಮೂವರಲ್ಲಿ ಒಬ್ಬರು ಶಾಲೆಯ ಮೇಡಂ. ಅವರು ತಿಂಗಳಿಗೊಮ್ಮೆ ಬಂದು ಅಮ್ಮನ ಪಕ್ಕ ಕೂತು ಅತ್ತು ಹೋಗುತ್ತಾರೆ. “ನನ್ನನ್ನು ಹಿಂದಿನಿಂದ ತಳ್ಕೊಂಡು ಬಂದ್ರು. ಅವರ ಕೈ ನನ್ನ ಬೆನ್ನ ಮೇಲೆ ಇನ್ನೂ ಇದ್ದ ಹಾಗೇ ಇದೆ” ಅನ್ನುತ್ತಾರೆ. ಅವನನ್ನು ಅರ್ಧ ಗಂಟೆಯೂ ನೋಡದವರು ಹೀಗೆ. ಒಂಬತ್ತು ವರ್ಷ ಬಾಳಿದವರು ಹಾಗೆ.

ಮೊನ್ನೆ ಹಗ್ಗದವನು ಕಚೇರಿಗೆ ಬಂದಿದ್ದ. ಅದೇ, ಅಣ್ಣನ ಲಾಂಚಿನಲ್ಲಿ ಹಗ್ಗ ಕಟ್ಟಿ ಬಿಚ್ಚುತ್ತಿದ್ದನಲ್ಲ, ಕುಳ್ಳನೆಯ ಮನುಷ್ಯ. ಅವನನ್ನು ಕೆಲಸದಿಂದ ತೆಗೆದ ಆದೇಶ ಖಾಯಂ ಆಗುವುದರಲ್ಲಿದೆ. ಮರುವಿಚಾರಣೆಗೆ ಅರ್ಜಿ ಹಿಡಿದು ಬಂದಿದ್ದ. ನನ್ನ ಮೇಜಿನ ಮುಂದೆ ನಿಂತು, “ಅಕ್ಕಾ, ಇದನ್ನೊಂದು ಟೈಪ್ ಮಾಡಿ ಕೊಡ್ತೀರಾ?” ಅಂದ. ನಾನು ತಲೆಯನ್ನೇ ಎತ್ತಲಿಲ್ಲ. ‘ಹಿಂಬದಿಯ ಬಾಗಿಲಿನ ಅಗುಳಿ ಹಾಕದೆ ಬಿಟ್ಟದ್ದರಿಂದ ನೀರು ನುಗ್ಗಿತು, ಚಾಲಕರು ಕೊನೆಯ ಗಳಿಗೆಯವರೆಗೂ ಚುಕ್ಕಾಣಿ ಬಿಡಲಿಲ್ಲ’ ಎಂದು ತನಿಖೆಯ ವರದಿಯಲ್ಲಿ ಸ್ಪಷ್ಟವಾಗಿದೆ. ಅದನ್ನೂ ನಾನೇ ಟೈಪ್ ಮಾಡಿದ್ದು. ನಾಲ್ಕು ಜನ ಪ್ರಯಾಣಿಕರನ್ನು, ನನ್ನಣ್ಣನನ್ನು ನುಂಗಿದವನಿಗೆ ನಾನು ಅರ್ಜಿ ಟೈಪ್ ಮಾಡಿಕೊಡಬೇಕಂತೆ! ಅವನು ಕಾಗದ ಮಡಚಿಕೊಂಡು ಹೋದ.

ಹೇಳುವುದನ್ನು ಹೇಳಿದ್ದೇನೆ. ಬರುವುದು ಬಿಡುವುದು ನಿಮಗೆ ಸೇರಿದ್ದು.

ನಾದಿನಿ


ಫೆಬ್ರವರಿ 12

ಸಾಸಿವೆ,

ಇದನ್ನು ಓದುವಾಗ ನಿನ್ನ ಕೋಣೆಯಲ್ಲಿ ಒಬ್ಬಳೇ ಇರು. ಅಮ್ಮನ ಮುಂದೆ ಓದಬೇಡ.

ಹಗ್ಗದವರು ಅಗುಳಿ ಹಾಕಿದ್ದರು. ಲಾಂಚು ವಾಲಿದ ಮೇಲೆ, ಜನ ಹೊರಗೆ ಬೀಳಲಿ ಎಂದು ಅವರೇ ಅದನ್ನು ತೆಗೆದರು. ಆ ಬಾಗಿಲು ತೆಗೆಯದೇ ಹೋಗಿದ್ದರೆ ಮೂವತ್ತೊಂದು ಜನರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಆ ದಿನ ನಿನ್ನಣ್ಣ ಊಟದ ಡಬ್ಬಿ ಮರೆತು ಹೋಗಿದ್ದರು. ಅದನ್ನು ಕೊಡಲು ಹೋಗಿದ್ದೆ. ಲಾಂಚು ನಿಲ್ಲುವ ಕಟ್ಟೆಯಲ್ಲಿ ಜನ ತುಂಬಿದ್ದರು ಅಂತ ಗೋದಾಮಿನ ಹಿಂದೆ, ನದಿ ತಿರುಗುತ್ತದಲ್ಲ, ಆ ಮೆಟ್ಟಿಲ ಹತ್ತಿರ ನಿಂತೆ. ಲಾಂಚು ಬರುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಕಟ್ಟೆಯಲ್ಲಿದ್ದವರಿಗೆ ಆ ತಿರುವು ಕಾಣುವುದಿಲ್ಲ. ನಾನಲ್ಲಿದ್ದೆ ಅಂತ ನಿನಗೆ ಗೊತ್ತು. ನಾನು ಏನು ನೋಡಿದೆ ಅಂತ ಗೊತ್ತಿಲ್ಲ.

ಲಾಂಚು ಏನಕ್ಕೋ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಒಂದು ಪಕ್ಕಕ್ಕೆ ಸ್ವಲ್ಪ ವಾಲಿತು. ಅಷ್ಟಕ್ಕೇ ನಿನ್ನಣ್ಣ ಚುಕ್ಕಾಣಿ ಬಿಟ್ಟು ನೀರಿಗೆ ಹಾರಿದರು. ಎಲ್ಲರಿಗಿಂತ ಮೊದಲು. ಒಳಗೆ ಕೂತಿದ್ದ ಪ್ರಯಾಣಿಕರಿಗೆ ಚಾಲಕರ ಗೂಡು ಕಾಣುವುದಿಲ್ಲ. ಇನ್ನೂ ಯಾರೂ ಕೂಗಿಕೊಂಡಿರಲೇ ಇಲ್ಲ. ಹಿಡಿಯುವವರಿಲ್ಲದೆ ಲಾಂಚು ಅಡ್ಡ ತಿರುಗಿತು. ಅಡ್ಡ ತಿರುಗಿದ್ದಕ್ಕೇ ಪ್ರವಾಹ ಅದನ್ನು ಎತ್ತಿ ಹಾಕಿತು. ನಿನ್ನಣ್ಣ ಈಜಿ ದಡಕ್ಕೆ ಬಂದರು. ಆಮೇಲೆ ತಿರುಗಿ ನೀರಿಗೆ ಇಳಿದರು. ಆ ಮೂವರನ್ನು ಉಳಿಸಿದ್ದು ಆಗ. ಅದು ಸುಳ್ಳಲ್ಲ. ನಾಲ್ಕನೇ ಸಲ ಹೋದವರು ಬರಲಿಲ್ಲ.

ತನಿಖೆಗೆ ಬಂದ ಅಧಿಕಾರಿ ನನ್ನನ್ನು, “ನಿಮ್ಮ ಯಜಮಾನರು ಕೊನೇವರೆಗೂ ಚುಕ್ಕಾಣಿ ಹಿಡಿದೇ ಇದ್ರಲ್ಲಮ್ಮಾ?” ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅವರು ಪಾಪ ಅಂದುಕೊಂಡು ಬರೆದುಕೊಂಡರು. ಎರಡು ವಾರ ಬಿಟ್ಟು ನೀನು ಆ ವರದಿಯ ಕಾರ್ಬನ್ ಪ್ರತಿ ತಂದು ಅಮ್ಮನಿಗೆ ಗಟ್ಟಿಯಾಗಿ ಓದಿದೆ. ನಿನ್ನ ಮುಖ ನೋಡಿ ನನಗೆ ಹೇಳಲು ಆಗಲಿಲ್ಲ. ಕೇಳಿಕೊಂಡು ಆ ಮನೆಯಲ್ಲಿ ಇರಲೂ ಆಗಲಿಲ್ಲ. ಹೊರಟು ಬಂದದ್ದು ಅದಕ್ಕೆ.

ಹಗ್ಗದವರ ಕೆಲಸ ಹೋಗಿದೆ ಅಂತ ನಿನ್ನ ಕಾಗದದಿಂದಲೇ ತಿಳಿದದ್ದು. ವರದಿಯಲ್ಲಿ ಅಗುಳಿಯ ಮಾತಿದ್ದರೂ, ಯಾರ ತಲೆಯ ಮೇಲೂ ಏನೂ ಬೀಳದೆ ಇದು ಹೀಗೇ ಮುಗಿಯುತ್ತದೆ ಅಂತ ನಾನು ನಂಬಿದ್ದೆ. ಇದರ ಜೊತೆ ನನ್ನ ಹೇಳಿಕೆ ಬರೆದು ಸಹಿ ಹಾಕಿ ಇಟ್ಟಿದ್ದೇನೆ. ದೊಡ್ಡ ಸಾಹೇಬರಿಗೆ ಕೊಡು. ನೇರವಾಗಿ ಅವರಿಗೇ ಕಳಿಸಬಹುದಿತ್ತು. ಹಾಗೆ ಮಾಡಿದ್ದರೆ ಅದನ್ನು ನೀನು ಮೊದಲು ಓದುವುದು ಕಚೇರಿಯ ಮೇಜಿನ ಮುಂದೆ, ಎಲ್ಲರೆದುರು. ಅದು ಬೇಡ ಅನ್ನಿಸಿತು.

ಅತ್ತಿಗೆ


ಫೆಬ್ರವರಿ 16

ಇದು ಸುಳ್ಳು.

ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ, ಆ ಧೈರ್ಯ ನಿಮಗೆ. ಐದು ವರ್ಷದವನಿದ್ದಾಗಿನಿಂದ ನದಿಯಲ್ಲಿ ಈಜಿದವನು ನನ್ನಣ್ಣ. ಹೆದರುವುದು ಅವನ ರಕ್ತದಲ್ಲೇ ಇರಲಿಲ್ಲ. ಇನ್ನು ಮುಂದೆ ನನಗೆ ಬರೆಯಬೇಡಿ.


ಮಾರ್ಚ್ 14

ಸಾಸಿವೆ,

ಬರೆಯಬೇಡ ಅಂದಿದ್ದೀಯ. ಒಂದೇ ಒಂದು ಮಾತು ಕೇಳಿ ಸುಮ್ಮನಾಗುತ್ತೇನೆ. ಹೇಳಿಕೆಯನ್ನು ಸಾಹೇಬರಿಗೆ ಕೊಟ್ಟೆಯಾ?

ಐದನೇ ವಯಸ್ಸಿನಿಂದ ಈಜಿದವರು, ಹೆದರಿಕೆ ಗೊತ್ತಿಲ್ಲದವರು ಎಂದು ನಾನೂ ನಂಬಿದ್ದೆ. ಮದುವೆಯಾದ ಹೊಸದರಲ್ಲಿ ಅವರೇ ನನಗೆ ಹೇಳಿದ್ದರು. ಒಂಬತ್ತು ವರ್ಷ, ಮಳೆ ಜೋರಾದ ದಿನವೂ, ಅವರು ಲಾಂಚಿನಲ್ಲಿದ್ದಾರೆ ಅಂದರೆ ನನಗೆ ಒಂದು ಗಳಿಗೆಯೂ ಆತಂಕವಾದದ್ದಿಲ್ಲ. ನಿನ್ನ ಅಣ್ಣನನ್ನು ನಿನ್ನಿಂದ ಕಿತ್ತುಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೀಯ. ನಾನು ನಂಬಿದ್ದವರೂ ಆ ಮೆಟ್ಟಿಲ ಮೇಲೇ ಹೋದರು.

ಅತ್ತಿಗೆ


ಮಾರ್ಚ್ 23

ಅತ್ತಿಗೆ,

ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಿಮ್ಮ ಹೇಳಿಕೆಯನ್ನು ನಾನು ಕೊಟ್ಟಿರಲಿಲ್ಲ. ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಕಾರ್ಬನ್ ಹಾಳೆಗಳ ಅಡಿಯಲ್ಲಿ ಇಟ್ಟು ಬೀಗ ಹಾಕಿದ್ದೆ. ಹರಿದು ಹಾಕಲು ಎರಡು ಸಲ ತೆಗೆದೆ. ಆಗಲಿಲ್ಲ. ಸಮಾರಂಭ ಮುಗಿದ ಮೇಲೆ ನೋಡೋಣ ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹಗ್ಗದವರ ಆದೇಶ ಖಾಯಂ ಆಗಿಬಿಡುತ್ತದೆ ಎಂದು ಗೊತ್ತಿದ್ದೂ.

ಹೇಳಿಕೆ ಕೊಟ್ಟೆಯಾ ಅಂತ ನೀವು ಕೇಳಿದ್ದ ಕಾಗದ ಅಮ್ಮನ ಕೈಗೆ ಸಿಕ್ಕಿತು. ನಾನು ಕಚೇರಿಯಲ್ಲಿದ್ದೆ. ಮನೆಗೆ ಬಂದಾಗ ಅಮ್ಮ ಅದನ್ನು ಅಕ್ಷರ ಕೂಡಿಸಿ ಓದಿ, ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏನಾದರೂ ಹೇಳಿ ಮುಚ್ಚಿ ಹಾಕೋಣ ಅಂತ ಬಾಯಿ ತೆಗೆದೆ. ಅವಳೇ ಕೇಳಿದಳು.

“ಇನ್ನೊಂದು ಕಾಗದ ಇರಬೇಕಲ್ಲ? ಅದನ್ನು ಓದಿ ಹೇಳು.”

ಓದಿದೆ. ಹಾರಿದರು ಅನ್ನುವ ಸಾಲಿನ ಹತ್ತಿರ ತಲೆ ಎತ್ತಿ ನೋಡಿದೆ. ಅಮ್ಮನ ಮುಖ ಮಾತ್ರ ಬದಲಾಗಲಿಲ್ಲ. ಎಲ್ಲ ಮುಗಿದ ಮೇಲೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ಹೇಳಿದಳು.

“ಅವನು ಹೆದರುಪುಕ್ಕಲ ಕಣೇ. ನನಗೆ ಗೊತ್ತಿಲ್ಲವಾ? ಹೆತ್ತವಳು ನಾನು.”

ಅಣ್ಣ ಈಜು ಕಲಿತದ್ದು ಹದಿನೇಳನೇ ವಯಸ್ಸಿನಲ್ಲಂತೆ, ಈ ಕೆಲಸಕ್ಕೆ ಬೇಕು ಅಂತ. ಅದೂ ಅತ್ತುಕೊಂಡು. ಕೆಲಸ ಸಿಕ್ಕಿದ ಮೊದಲ ತಿಂಗಳು ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದುಕೊಂಡು ಹೊರಡುತ್ತಿದ್ದನಂತೆ. “ಯಾರಿಗೂ ಹೇಳಬೇಡ, ಸಾಸಿವೆಗೂ ಹೇಳಬೇಡ” ಅಂತ ಆಣೆ ಹಾಕಿಸಿಕೊಂಡಿದ್ದನಂತೆ. ನನಗಾಗ ಹದಿಮೂರು ವರ್ಷ. ಅವನ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿ ಕೊಡುತ್ತಿದ್ದವಳು ನಾನೇ. ನನಗೆ ಅವನ ಅಂಗಿ ಕಾಣಿಸಿತು, ಅವನು ಕಾಣಿಸಲಿಲ್ಲ.

“ಮತ್ತೆ ವರದಿ ಓದಿದಾಗ ಯಾಕಮ್ಮಾ ಸುಮ್ಮನೆ ಕೂತಿದ್ದೆ?” ಅಂದೆ.

“ನೀನು ಅಷ್ಟು ಆಸೆಯಿಂದ ಓದ್ತಾ ಇದ್ದೆ” ಅಂದಳು.

ಆ ವರದಿಯ ಮುಂದೆ ನೀವೂ ಅಮ್ಮನೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದಿರಿ, ಆಮೇಲೆ ನಾನೂ ಅದನ್ನೇ ಮಾಡಿದೆ ನೋಡಿ.

ಮಾರನೇ ದಿನ ಅರ್ಧ ದಿನ ರಜೆ ಹಾಕಿ ಹಗ್ಗದವರ ಮನೆ ಹುಡುಕಿಕೊಂಡು ಹೋದೆ. ಮರದ ಅಡ್ಡೆಯ ಹಿಂದಿನ ಬೀದಿ. ಒಂದೇ ಕೋಣೆ. ಅವರು ಬಾಗಿಲಲ್ಲಿ ಕೂತು ಬುಟ್ಟಿಯ ಹಿಡಿ ಸರಿ ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನಾನು ತಲೆ ಎತ್ತದೆ ಕಳಿಸಿದ ಮನುಷ್ಯ, ನನಗೆ ಕುರ್ಚಿ ಹಾಕಿ ತಾವು ನಿಂತೇ ಇದ್ದರು.

“ಅವನು ಮೊದಲು ಹಾರಿದ್ದು ನಿಮಗೆ ಗೊತ್ತಿತ್ತು. ತನಿಖೆಯಲ್ಲಿ ಯಾಕೆ ಹೇಳಲಿಲ್ಲ?” ಅಂತ ಕೇಳಿದೆ.

“ಹೇಳಿದ್ರೆ ಯಾರು ನಂಬ್ತಿದ್ರು ಅಕ್ಕಾ? ಅವರು ಉಳಿಸಿದ ಮೂರು ಜನ ಅವರನ್ನ ದೇವರು ಅಂತಿದ್ರು. ನಾನು ಬಾಗಿಲು ತೆಗೆದವನು.” ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಂದರು. “ಅಲ್ದೆ, ಹೋದವರು ವಾಪಸ್ ಬಂದ್ರಲ್ಲ. ನಾನು ಬಾಗಿಲ ಚೌಕಟ್ಟು ಹಿಡ್ಕೊಂಡು ನೇತಾಡ್ತಿದ್ದೆ. ನೋಡ್ತೀನಿ, ಇವರು ಕೈ ಬಡೀತಾ ಬರ್ತಿದ್ದಾರೆ. ಈಜೋದು ಅವರಿಗೆ ಚೆನ್ನಾಗಿ ಬರ್ತಿರಲಿಲ್ಲ ಅಕ್ಕಾ, ನಮಗೆಲ್ಲ ಗೊತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ಹಂಗಿದ್ರೂ ಬಂದ್ರು. ಅದನ್ನ ನೋಡಿದ ಮೇಲೆ ಮೊದಲಿಂದು ಹೇಳೋಕೆ ನನಗೆ ನಾಲಿಗೆ ಏಳಲಿಲ್ಲ.”

ಅಲ್ಲಿಂದ ನೇರ ಕಚೇರಿಗೆ ಹೋದೆ. ಡ್ರಾಯರ್ ತೆಗೆದು, ನಿಮ್ಮ ಹೇಳಿಕೆಯನ್ನು ನಾನೇ ನಾಲ್ಕು ಪ್ರತಿ ಟೈಪ್ ಮಾಡಿ, ಅವರಿಂದ ಇಸಿದುಕೊಂಡು ಬಂದ ಅರ್ಜಿಯನ್ನೂ ಟೈಪ್ ಮಾಡಿ, ಸಾಹೇಬರ ಮುಂದಿಟ್ಟೆ. ಅದು ಮಾರ್ಚ್ ಹತ್ತೊಂಬತ್ತು. ಕೆಳಗೆ ಶಾಮಿಯಾನ ಕಟ್ಟುವವರ ಸದ್ದು ಕೇಳಿಸುತ್ತಿತ್ತು. ಸಾಹೇಬರು ಓದಿ, ಕನ್ನಡಕ ತೆಗೆದರು. “ಏನಮ್ಮಾ ಇದು, ನಾಳೆ ಸಮಾರಂಭ ಇಟ್ಟುಕೊಂಡು? ನಿನಗೇನು ತಲೆ ನೆಟ್ಟಗಿದೆಯಾ?” ಅಂದರು. ಬಚ್ಚಿಟ್ಟುಕೊಂಡಿದ್ದು ನನ್ನ ತಪ್ಪು, ಹೇಳಿಕೆ ಬಂದು ಒಂದು ತಿಂಗಳಾಯಿತು ಅಂತ ಒಪ್ಪಿಕೊಂಡೆ. ಅದಕ್ಕೆ ನನಗೆ ಒಂದು ನೋಟಿಸ್ ಬಂದಿದೆ. ಬರಲಿ.

ಸಮಾರಂಭ ನಿಂತಿತು. ಹೊಸ ಲಾಂಚು ಬರೀ ನಂಬರ್ ಹೊತ್ತು ಓಡಾಡುತ್ತಿದೆ. ತನಿಖೆ ಮತ್ತೆ ಶುರುವಾಗಿದೆ. ಕಚೇರಿಯಲ್ಲಿ ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮನೆ ಮಗಳೇ ಅಣ್ಣನ ಮಾನ ಕಳೆದಳು ಅಂತ. ಶಾಲೆಯ ಮೇಡಂ ಮಾತ್ರ ಬಂದಿದ್ದರು. ಅಮ್ಮನ ಕೈ ಹಿಡಿದು ಕೂತಿದ್ದು ಹೋದರು.

ನಿಮಗೆ ನಾನು ಬರೆದ ಆ ನಾಲ್ಕು ಸಾಲಿಗೆ ಕ್ಷಮೆ ಕೇಳಲು ಮುಖವಿಲ್ಲ.

ಸಾಸಿವೆ


ಏಪ್ರಿಲ್ 14

ಅತ್ತಿಗೆ,

ನಿಮ್ಮಿಂದ ಇನ್ನೂ ಕಾಗದವಿಲ್ಲ. ಕೋಪವಿದ್ದರೆ ಇರಲಿ, ನಾನು ಬರೆಯುತ್ತಲೇ ಇರುತ್ತೇನೆ.

ಹಗ್ಗದವರ ಮೇಲಿನ ಆರೋಪ ಬಿದ್ದುಹೋಯಿತು! ಕೆಲಸಕ್ಕೆ ವಾಪಸ್ ಬನ್ನಿ ಅಂದರೆ, “ನೀರಿನ ಸಹವಾಸ ಸಾಕು, ಗೋದಾಮಲ್ಲಿ ಕೊಡಿ” ಅಂದರಂತೆ. ಅಲ್ಲೇ ಕೊಟ್ಟಿದ್ದಾರೆ. ಬೆಳಿಗ್ಗೆ ಹೋಗುವಾಗ ನನಗೆ ಕೈ ಎತ್ತುತ್ತಾರೆ.

ಒಂದು ವಿಷಯ ನಿಮಗೆ ಹೇಳಬೇಕು. ಮೊದಲ ಕೆಲವು ದಿನ ನನಗೆ ಅಣ್ಣನ ಫೋಟೋ ನೋಡಲು ಆಗುತ್ತಿರಲಿಲ್ಲ. ಈಗ ಹಾಗಿಲ್ಲ. ಯೋಚಿಸಿದಷ್ಟೂ ಅವನು ನನಗೆ ದೊಡ್ಡವನಾಗುತ್ತಿದ್ದಾನೆ. ಹೆದರಿಕೆಯೇ ಇಲ್ಲದವನು ನೀರಿಗಿಳಿದರೆ ಅದರಲ್ಲಿ ಏನಿದೆ? ಇವನು ಹೆದರಿ ಓಡಿ, ದಡ ಸೇರಿ, ನೆಲದ ಮೇಲೆ ಕಾಲಿಟ್ಟು, ಬದುಕಿದೆ ಅಂತ ಗೊತ್ತಾದ ಮೇಲೆ, ಯಾರೂ ಹೇಳದೆ, ಯಾರೂ ಕೇಳದೆ, ತಾನಾಗಿ ತಿರುಗಿ ಹೋದ. ವರದಿಯಲ್ಲಿದ್ದ ಅಣ್ಣನಿಗಿಂತ ಇವನೇ ಹೆಚ್ಚು. ನಾನು ಹೀಗಂತ ಎಲ್ಲರಿಗೂ ಹೇಳುತ್ತಿದ್ದೇನೆ. ಮಾತು ಬಿಟ್ಟಿದ್ದ ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಕೂಡ, “ಹೌದು ಕಣಮ್ಮಾ, ಅದು ಸುಮ್ಮನೆ ಮಾತಲ್ಲ” ಅಂದರು. ನಿಮ್ಮಿಂದ ನನ್ನಣ್ಣ ನನಗೆ ತಿರುಗಿ ಸಿಕ್ಕಿದ.

ಇನ್ನು ಅಲ್ಲಿ ಆ ಕಿಟಕಿ ಇಲ್ಲದ ಕೋಣೆಯಲ್ಲಿ ಯಾಕಿರಬೇಕು? ಮುಚ್ಚಿಡುವುದು ಇನ್ನೇನೂ ಇಲ್ಲವಲ್ಲ. ಬಂದುಬಿಡಿ. ಅಮ್ಮನ ಪಕ್ಕದ ಮಂಚದ ಮೇಲಿದ್ದ ಸಾಮಾನೆಲ್ಲ ತೆಗೆದು, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲೂ ಹೊಲಿಯುವವರು ಬೇಕಂತೆ, ವಿಚಾರಿಸಿದ್ದೇನೆ.

ನಿಮ್ಮ ಸಾಸಿವೆ


ಮೇ 24

ಸಾಸಿವೆ,

ನಿನ್ನ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಬರುತ್ತೇನೆ ಅಂತ ಬರೆದದ್ದು ಎರಡು, ಬರುವುದಿಲ್ಲ ಅಂತ ಬರೆದದ್ದು ಎರಡು. ಯಾವುದರಲ್ಲೂ ಕಾರಣ ಬರೆಯಲು ಆಗಲಿಲ್ಲ.

ತಾನಾಗಿ ತಿರುಗಿ ಹೋದ ಅಂತ ನೀನು ಬರೆದಿದ್ದೀಯ. ಎಲ್ಲರಿಗೂ ಹೇಳುತ್ತಿದ್ದೀಯ. ಇದೊಂದು ನಿನ್ನ ಬಳಿ ಇರಲಿ, ಇದನ್ನು ಮುಟ್ಟಬಾರದು ಅಂದುಕೊಂಡಿದ್ದೆ. ಆದರೆ ನೀನು ನನಗೆ ಹಾಸಿಗೆ ಬಿಸಿಲಿಗೆ ಹಾಕಿದ್ದೀಯ. ಇದನ್ನು ಹೇಳದೆ ಆ ಹಾಸಿಗೆಯ ಮೇಲೆ, ಅವರ ಅಮ್ಮನ ಪಕ್ಕ, ನಾನು ಹೇಗೆ ಮಲಗಲಿ?

ಅವರು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದರು. ಮೈಯೆಲ್ಲ ನಡುಗುತ್ತಿತ್ತು. ಒಂದು ಚಪ್ಪಲಿ ಇರಲಿಲ್ಲ. ನನ್ನನ್ನು ನೋಡಿ ನಕ್ಕರು. ಸಿಕ್ಕಿಬಿದ್ದ ಮಗುವಿನ ನಗೆ ಇರುತ್ತದಲ್ಲ, ಹಾಗೆ. ನನ್ನ ಸೀರೆಯ ಅಂಚನ್ನು ಹಿಡಿದುಕೊಂಡರು. “ಮನೆಗೆ ಹೋಗೋಣ ನಡಿ” ಅಂದರು. ಅವರ ಹಿಂದೆ ಲಾಂಚು ಮಗುಚುತ್ತಿತ್ತು. ಜನ ಕೂಗುವುದು ಆಗ ಶುರುವಾಯಿತು.

ನಾನು ಹೇಳಿದೆ: “ನೀವು ಇಲ್ಲಿದ್ದೀರಿ. ಅಲ್ಲಿ ಯಾರಿದ್ದಾರೆ?”

ಗಟ್ಟಿಯಾಗಿ ಹೇಳಲಿಲ್ಲ. ಬೈಯಲಿಲ್ಲ. ಆದರೆ ಹೇಳುವಾಗ ನನ್ನ ಸೀರೆಯನ್ನು ಅವರ ಕೈಯಿಂದ ಬಿಡಿಸಿಕೊಂಡೆ.

ಅವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ. ಒಂಬತ್ತು ವರ್ಷ ನಂಬಿದ್ದ ಮನುಷ್ಯ ಒಂದು ಗಳಿಗೆಯಲ್ಲಿ ಬೇರೆ ಯಾರೋ ಆಗಿ ನಿಂತಿದ್ದರು. ನನಗೆ ಅಸಹ್ಯವಾಯಿತು, ಸಾಸಿವೆ. ಇದನ್ನು ಬರೆಯಲೇಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಕೂಗುತ್ತಿದ್ದ ಜನರ ಮೇಲಿನ ಮರುಕ ಆಮೇಲೆ ಬಂತು. ಮೊದಲು ಬಂದದ್ದು ಅಸಹ್ಯ. ಅವರಿಗೆ ಅದು ಕಂಡಿತು. ತಿರುಗಿ ಮೆಟ್ಟಿಲು ಇಳಿದರು. ಮೊದಲನೆಯವರನ್ನು ತಂದು ಬಿಟ್ಟಾಗ ಒಮ್ಮೆ ನನ್ನ ಕಡೆ ನೋಡಿದರು. ಎರಡನೆಯವರನ್ನು ತಂದಾಗಲೂ ನೋಡಿದರು. ಸಾಕು ಬನ್ನಿ ಅಂತ ನಾನು ಕೂಗಲಿಲ್ಲ. ಮೂರನೆಯವರಾದ ಮೇಲೆ ಅವರು ನೋಡಲೂ ಇಲ್ಲ.

ಆಗ ಕೂಗಿದೆ. ಅವರು ಆಗಲೇ ನೀರಿನಲ್ಲಿದ್ದರು.

ಆ ಮೂವರು ಬದುಕಿದ್ದಾರೆ. ನಾನು ಆ ಮಾತು ಹೇಳದಿದ್ದರೆ ಶಾಲೆಯ ಮೇಡಂ ಇರುತ್ತಿರಲಿಲ್ಲ. ಹೇಳಿದ್ದರಿಂದ ನಿನ್ನಣ್ಣ ಇಲ್ಲ. ಬಟ್ಟೆ ಕೋಣೆಯಲ್ಲಿ ಕೂತು ಎಂಟು ತಿಂಗಳಿಂದ ಈ ಎರಡನ್ನೂ ತಿರುವಿ ತಿರುವಿ ನೋಡಿದ್ದೇನೆ. ಏನೂ ತಿಳಿದಿಲ್ಲ.

ಈಗ ಹೇಳು, ಬರಬೇಕೋ ಬೇಡವೋ. ಬೇಡ ಅಂದರೆ ನನಗೆ ಅರ್ಥವಾಗುತ್ತದೆ.

ಅತ್ತಿಗೆ


ಜುಲೈ 11

ಅತ್ತಿಗೆ,

ನಿಮ್ಮ ಕಾಗದ ಬಂದು ಆರು ವಾರವಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲವೆಂದರೆ, ಬರೆದಿದ್ದರೆ ನೀವು ಮತ್ತೆ ಓದಲಾಗದಂಥದ್ದನ್ನು ಬರೆಯುತ್ತಿದ್ದೆ. ಒಮ್ಮೆ ಹಾಗೆ ಬರೆದು ಕಲಿತಿದ್ದೇನೆ.

ಮೊದಲ ವಾರ ನಿಮ್ಮನ್ನು ದ್ವೇಷಿಸಿದೆ. ಮುಚ್ಚಿಡುವುದಿಲ್ಲ. ಸೀರೆ ಬಿಡಿಸಿಕೊಂಡಿರಿ ಅನ್ನುವ ಸಾಲು ಕಣ್ಣಿಗೆ ಕಟ್ಟಿದ ಹಾಗೆ ನಿಂತುಬಿಟ್ಟಿತು. ಟೈಪ್ ಮಾಡುತ್ತಾ ಮಾಡುತ್ತಾ ಕೈ ನಿಂತುಹೋಗುತ್ತಿತ್ತು. ನಾನಾಗಿದ್ದರೆ ಟವೆಲು ಸುತ್ತಿ, ಬೆನ್ನು ಸವರಿ, ಯಾರ ಕಣ್ಣಿಗೂ ಬೀಳದ ಹಾಗೆ ಮನೆಗೆ ಕರೆದುಕೊಂಡು ಬರುತ್ತಿದ್ದೆ ಅಂದುಕೊಂಡೆ. ಅಣ್ಣ ಇವತ್ತು ಇಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಆಮೇಲೆ ಒಂದು ದಿನ ಶಾಲೆಯ ಮೇಡಂ ಬಂದರು. ಅವರ ಮಗಳಿಗೆ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದಿತ್ತು, ಅದನ್ನು ಹೇಳಲು. ಅವರು ಹಿಗ್ಗಿನಿಂದ ಮಾತಾಡುತ್ತಿದ್ದರೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಣ್ಣನನ್ನು ಟವೆಲು ಸುತ್ತಿ ಕರೆತಂದಿದ್ದರೆ ಈ ಕುರ್ಚಿಯಲ್ಲಿ ಇವರಿಲ್ಲ. ನನಗೆ ಅಲ್ಲಿ ಕೂರಲಾಗದೆ ಒಳಗೆ ಹೋದೆ.

ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಅವನನ್ನು ಉಳಿಸಿಕೊಳ್ಳುತ್ತಿದ್ದೆ. ಉಳಿಸಿಕೊಂಡು, ಆಮೇಲೆ ಜೀವನಪೂರ್ತಿ ಅವನ ಮುಖ ನೋಡಲಾಗದೆ ಇರುತ್ತಿದ್ದೆನೋ ಏನೋ. ಅದು ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಇನ್ನು ಯಾರಿಗೂ ಹೇಳುವುದಿಲ್ಲ. ಒಬ್ಬ ಅಣ್ಣನನ್ನು ವರದಿಯಲ್ಲಿ ಟೈಪ್ ಮಾಡಿಕೊಂಡೆ, ಇನ್ನೊಬ್ಬನನ್ನು ನನ್ನ ಬಾಯಲ್ಲೇ ಕಟ್ಟಿಕೊಂಡೆ. ಇಬ್ಬರೂ ಹೋದರು. ಈಗ ಉಳಿದಿರುವವನು ಒಂದು ಚಪ್ಪಲಿ ಇಲ್ಲದೆ ನಡುಗುತ್ತಾ, ಮನೆಗೆ ಹೋಗೋಣ ಅಂದವನು. ಅವನನ್ನು ನೆನೆದರೆ ಹೆಮ್ಮೆ ಬರುವುದಿಲ್ಲ, ಅಳು ಬರುತ್ತದೆ. ಆಗಸ್ಟಿನಿಂದ ಇಲ್ಲಿಯವರೆಗೆ ನಾನು ಅವನಿಗಾಗಿ ಸರಿಯಾಗಿ ಅತ್ತೇ ಇರಲಿಲ್ಲ ಅಂತ ಈಗ ತಿಳಿಯುತ್ತಿದೆ.

ಇನ್ನೊಂದು ಮಾತು. ನೀವು ಹೇಳಿದ್ದಕ್ಕೆ ಅವನು ಹೋದ ಅಂತ ಬರೆದಿದ್ದೀರಿ. ನನಗೆ ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆ. ಅವನೂ ಕೂರಬಹುದಿತ್ತು. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಸಮಾಧಾನ ಮಾಡುವಷ್ಟು ಒಳ್ಳೆಯತನ ನನ್ನಲ್ಲಿ ಈಗ ಇಲ್ಲ. ಅವನು ಕೂರಲಿಲ್ಲ ಅನ್ನುವುದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಹೇಳುತ್ತಿದ್ದೇನೆ, ಅಷ್ಟೇ.

ಅಮ್ಮನಿಗೆ ಇದನ್ನು ಓದಿ ಹೇಳಿಲ್ಲ. ಅದು ನನ್ನ ಬಾಯಲ್ಲಿ ಬರಬೇಕಾದದ್ದಲ್ಲ. ನೀವೇ ಅವಳ ಮುಂದೆ ಕೂತು ಹೇಳಬೇಕು. ಅವಳು ಏನನ್ನುತ್ತಾಳೋ ನಾನು ಊಹಿಸಲಾರೆ. ಅವಳನ್ನು ಊಹಿಸುವುದರಲ್ಲಿ ನಾನು ಎಷ್ಟು ಜಾಣೆ ಅಂತ ನೀವೇ ನೋಡಿದ್ದೀರಿ.

ನೀವು ಬರಬೇಕೋ ಬೇಡವೋ ಅಂತ ಕೇಳಿದ್ದೀರಿ. ಬನ್ನಿ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಬಸ್ಸು ಇಲ್ಲಿಗೆ ತಲುಪುತ್ತದೆ. ಇಪ್ಪತ್ತೊಂಬತ್ತನೇ ತಾರೀಕಿನದಕ್ಕೆ ಹೊರಡಿ. ನಾನು ಬಸ್‌ಸ್ಟ್ಯಾಂಡಿಗೆ ಬಂದಿರುತ್ತೇನೆ. ನಿಮ್ಮನ್ನು ಕಂಡ ಕೂಡಲೇ ತಬ್ಬಿಕೊಳ್ಳುತ್ತೇನೆ ಅಂತ ಮಾತು ಕೊಡಲಾರೆ. ಬಹುಶಃ ಪೆಟ್ಟಿಗೆ ತೆಗೆದುಕೊಂಡು ಸುಮ್ಮನೆ ಮುಂದೆ ನಡೆಯುತ್ತೇನೆ. ಬೇಸರಪಡದೆ ಹಿಂದೆ ಬನ್ನಿ. ಕೋಪ ಇನ್ನೂ ಇದೆ, ಅತ್ತಿಗೆ. ಅದು ಹೋಗಲಿ, ಆಮೇಲೆ ಕರೆಯೋಣ ಅಂತ ಕಾದರೆ ನಾವಿಬ್ಬರೂ ಮುದುಕಿಯರಾಗುತ್ತೇವೆ. ಕೋಪ ಇಟ್ಟುಕೊಂಡೇ ಬಂದು ನಿಂತಿರುತ್ತೇನೆ.

ಸಾಸಿವೆ